ವೈರು ಯಾರ ಕೈಯಲ್ಲಿದೆ ನೋಡಿ: ನಮ್ಮೂರಿನ ಮಕ್ಕಳು ಫಿಸಿಕ್ಸ್ ಓದಬೇಕೆಂದರೆ

ಹತ್ತನೇ ತರಗತಿಗೆ ಓಮನ ನಿಯಮದ ಪ್ರಯೋಗ ಮಾಡಿಸುವ ದಿನ, ಸಾಮಾನು ಹಂಚಿದ ಮೇಲೆ ಹತ್ತು ನಿಮಿಷ ಏನೂ ಮಾತಾಡದೆ ಹಿಂದೆ ನಿಂತು ನೋಡಿ. ಐದೈದು ಮಕ್ಕಳ ಗುಂಪು. ಪ್ರತಿ ಗುಂಪಿನಲ್ಲೂ ಒಬ್ಬ ಹುಡುಗ ವೈರು ಹಿಡಿದಿರುತ್ತಾನೆ, ಇನ್ನೊಬ್ಬ ಅಮ್ಮೀಟರಿನ ಮುಳ್ಳು ನೋಡಿ ರೀಡಿಂಗ್ ಕೂಗುತ್ತಾನೆ. ಅಕ್ಷರ ದುಂಡಗಿರುವ ಹುಡುಗಿಗೆ ಕೋಷ್ಟಕ ಬರೆಯುವ ಕೆಲಸ. ಮತ್ತೊಬ್ಬಳು ಅವಳ ಪಕ್ಕ ಸ್ಕೇಲು ಹಿಡಿದು ನಿಂತಿರುತ್ತಾಳೆ. ಐದನೆಯ ಮಗು ಬೆಂಚಿನ ತುದಿಯಲ್ಲಿ, ಯಾರ ಭುಜಕ್ಕೂ ತಾಗದಷ್ಟು ದೂರದಲ್ಲಿ ಇರುತ್ತದೆ. ಆ ಮಗು ಯಾವ ಓಣಿಯಿಂದ ಬರುತ್ತದೆ ಎಂದು ನಿಮಗೂ ಗೊತ್ತು, ತರಗತಿಗೂ ಗೊತ್ತು.

ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿಯಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಹೆಣ್ಣುಮಕ್ಕಳು, ದಲಿತ ಕೇರಿಯ ಮಕ್ಕಳು, ತಾಂಡಾದ ಮಕ್ಕಳು, ಗುಳೆ ಹೋಗುವ ಮನೆಯ ಮಕ್ಕಳು ಭೌತಶಾಸ್ತ್ರ ಬಿಡುವುದು ಅದು ಕಷ್ಟವೆಂದಲ್ಲ. ಅವರನ್ನು ಕಳೆದುಕೊಳ್ಳುವ ಜಾಗಗಳು ಗೊತ್ತಿರುವಂಥವೇ: ಮೇಲೆ ಹೇಳಿದ ಆ ಬೆಂಚಿನ ತುದಿ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಪಿಯು ದಾಖಲಾತಿಗೂ ನಡುವಿನ ಕೆಲವು ವಾರ, ಪಿಯುಸಿಯ ಮೊದಲ ಮೂರು ತಿಂಗಳು. ಈ ಮೂರು ಕಡೆ ಯಾರಾದರೂ ಒಬ್ಬರು ನಿಂತುಕೊಂಡರೆ ಸಾಕು, ಬಹಳ ಮಕ್ಕಳು ದಾಟುತ್ತಾರೆ. ಹೇಗೆ ನಿಲ್ಲಬೇಕು ಎನ್ನುವುದನ್ನು ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಸದಸ್ಯರಿಗೆ, ಮನೆಯಲ್ಲಿ ಮೊದಲು ಓದಿದ ಅಕ್ಕ-ಅಣ್ಣಂದಿರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ತೆಗೆಯಿರಿ

ಒಂದು ಹಾಳೆ ಸಾಕು. ಕಳೆದ ಮೂರು ವರ್ಷ ಹತ್ತನೇ ತರಗತಿ ಪಾಸಾದವರ ಹೆಸರು ಬರೆಯಿರಿ. ಪಕ್ಕದಲ್ಲಿ ವಿಜ್ಞಾನದ ಅಂಕ, ಗಣಿತದ ಅಂಕ, ಮುಂದೆ ಎಲ್ಲಿಗೆ ಹೋದರು, ಯಾವ ವಿಭಾಗ, ದ್ವಿತೀಯ ಪಿಯುಸಿವರೆಗೆ ಉಳಿದರೇ ಎಂದು ಒಂದೊಂದು ಕಾಲಂ. ಟಿಸಿ ರಿಜಿಸ್ಟರಿನಲ್ಲಿ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧವನ್ನು ಈಗ ಒಂಬತ್ತನೇ ತರಗತಿಯಲ್ಲಿರುವ ತಮ್ಮ-ತಂಗಿಯರು ಹೇಳುತ್ತಾರೆ.

ನಾನು ಮೊದಲ ಸಲ ಹೀಗೆ ಬರೆದಾಗ ಕಣ್ಣಿಗೆ ಹೊಡೆದದ್ದು ಫೇಲಾದವರ ಸಾಲಲ್ಲ. ವಿಜ್ಞಾನದಲ್ಲಿ ಎಂಬತ್ತರ ಮೇಲೆ ತೆಗೆದ ಹುಡುಗಿಯರ ಮುಂದೆ "ಕಲಾ" ಎಂದು ಮತ್ತೆ ಮತ್ತೆ ಬರೆಯಬೇಕಾಯಿತು. ಅವರಿಗಿಂತ ಕಡಿಮೆ ಅಂಕದ ಹುಡುಗರ ಮುಂದೆ "ವಿಜ್ಞಾನ". ಆ ಹಾಳೆ ಇವತ್ತಿಗೂ ನನ್ನ ಟೇಬಲ್ ಗಾಜಿನ ಕೆಳಗೆ ಇದೆ. ಯಾರ ಜೊತೆ ಮಾತಾಡಬೇಕು, ಯಾರ ಮನೆಗೆ ಹೋಗಬೇಕು ಎಂದು ಅದೇ ಹೇಳುತ್ತದೆ.

ಪ್ರಯೋಗಕ್ಕೆ ಪಾಳಿ ಹಚ್ಚಿ

ಗುಂಪನ್ನು ಮಕ್ಕಳೇ ಮಾಡಿಕೊಳ್ಳಲು ಬಿಡಬೇಡಿ. ಬಿಟ್ಟರೆ ಊರಿನ ಓಣಿಗಳೇ ಬೆಂಚಿಗೆ ಬಂದು ಕೂರುತ್ತವೆ. ಗುಂಪು ನೀವೇ ಮಾಡಿ, ನಾಲ್ಕು ಜನರಿಗಿಂತ ಹೆಚ್ಚು ಬೇಡ. ನಾಲ್ವರಲ್ಲಿ ಒಬ್ಬಳೇ ಹುಡುಗಿ ಇದ್ದರೆ ಅವಳು ಬರೆಯುವವಳಾಗಿ ಉಳಿದುಬಿಡುತ್ತಾಳೆ, ಹಾಗಾಗಿ ಇಬ್ಬರಾದರೂ ಇರಲಿ. ಆಮೇಲೆ ನಾಲ್ಕು ಚೀಟಿ: "ಜೋಡಿಸು", "ಓದು", "ಬರೆ", "ಕೇಳು". ನಾಲ್ಕನೆಯ ಚೀಟಿ ಬಂದವರು ಪ್ರಯೋಗ ಮುಗಿಯುವಷ್ಟರಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಮುಂದಿನ ಪ್ರಯೋಗಕ್ಕೆ ಚೀಟಿ ತಿರುಗುತ್ತದೆ. ಯಾರಿಗೂ ಒಂದೇ ಚೀಟಿ ಎರಡು ಸಲ ಬರಬಾರದು.

ಮೊದಲ ವಾರ "ಶಾಕ್ ಹೊಡಿತೈತ್ರಿ ಅಕ್ಕೋರ" ಎನ್ನುವವರು ಇದ್ದೇ ಇರುತ್ತಾರೆ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸ್ವಿಚ್‌ಬೋರ್ಡಿನ ಹತ್ತಿರ ಹೋಗಬೇಡ ಎಂದಷ್ಟೇ ಹೇಳಿರುತ್ತಾರೆ, ಏಕೆ ಎಂದು ಯಾರೂ ಹೇಳಿರುವುದಿಲ್ಲ. ಒಂದೂವರೆ ವೋಲ್ಟಿನ ಸೆಲ್ ತೆಗೆದು ಎರಡೂ ತುದಿಗೆ ಅವಳ ಬೆರಳೇ ಇಡಿಸಿ. ಏನೂ ಆಗುವುದಿಲ್ಲ. ಹಾಗಾದರೆ ಗೋಡೆಯ ಪ್ಲಗ್ಗಿನಲ್ಲಿ ಯಾಕೆ ಆಗುತ್ತದೆ? ಮನೆಯ ವಿದ್ಯುತ್ತು 230 ವೋಲ್ಟ್, ಒದ್ದೆ ಕೈಯ ರೋಧ ಒಣ ಕೈಗಿಂತ ಕಡಿಮೆ. ವಿಭವಾಂತರ, ರೋಧ, ಪ್ರವಾಹ ಮೂರೂ ಅವಳ ಬೆರಳ ತುದಿಯಲ್ಲೇ ಬಂದು ಕೂತವು. ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರ ಒದ್ದೆ ಕೈಯಲ್ಲಿ ಹೋಗಬಾರದು ಎನ್ನುವ ಮಾತನ್ನೂ ಆಗಲೇ ಹೇಳಿ.

ಜೋಡಿಸುವಾಗ ತಪ್ಪು ಮಾಡಲಿ. ಅಮ್ಮೀಟರನ್ನು ಸೆಲ್ಲಿಗೆ ನೇರವಾಗಿ, ನಡುವೆ ರೋಧಕವಿಲ್ಲದೆ ಜೋಡಿಸಿದರೆ ಅದು ಸುಟ್ಟೀತು. ಅದೊಂದನ್ನು ಮಾತ್ರ ಮೊದಲೇ ಎಚ್ಚರಿಸಿ. ವೋಲ್ಟ್‌ಮೀಟರನ್ನು ಸರಣಿಯಲ್ಲಿ ಹಾಕಿದರೆ ಏನೂ ಕೆಡುವುದಿಲ್ಲ, ಪ್ರವಾಹ ಹರಿಯುವುದೇ ನಿಲ್ಲುತ್ತದೆ ಅಷ್ಟೇ. ಯಾಕೆ ನಿಂತಿತು ಎಂದು ಹುಡುಗಿ ತಲೆ ಕೆರೆದುಕೊಳ್ಳುತ್ತಿರುವಾಗ ಪಕ್ಕದ ಹುಡುಗ ಕೈ ಹಾಕಿ ಸರಿಮಾಡಲು ಬರುತ್ತಾನೆ. ಅವನ ಕೈ ತಡೆಯಿರಿ. ಐದು ನಿಮಿಷ ಹೋದರೂ ಚಿಂತೆಯಿಲ್ಲ. ಬಲ್ಬು ಹತ್ತಿದಾಗ "ಜಾಣಿ" ಎಂದು ಸುಮ್ಮನಾಗಬೇಡಿ. "ವೋಲ್ಟ್‌ಮೀಟರ್ ತೆಗೆದು ಪಕ್ಕಕ್ಕೆ ಜೋಡಿಸಿದಿ, ಅದಕ್ಕ ಹತ್ತಿತು" ಎಂದು ಅವಳು ಮಾಡಿದ ಕೆಲಸವನ್ನೇ ಹೆಸರಿಟ್ಟು ಹೇಳಿ. ಜಾಣತನ ತನ್ನಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನ ಈ ಮಕ್ಕಳಿಗೆ ಯಾವಾಗಲೂ ಇರುತ್ತದೆ. ಮಾಡಿದ ಕೆಲಸದ ಬಗ್ಗೆ ಅನುಮಾನ ಪಡಲು ಬರುವುದಿಲ್ಲ.

ಪ್ರಯೋಗಾಲಯ ಇಲ್ಲ ಎನ್ನುವ ಶಾಲೆಗಳಲ್ಲೂ ಬೀಗ ಹಾಕಿದ ಒಂದು ಅಲ್ಮೆರಾ ಇರುತ್ತದೆ. ಮೊದಲು ಅದರ ಬೀಗ ತೆಗೆಸಿ. ಏನೂ ಸಿಗದಿದ್ದರೆ ಒಂದು ಪೀನ ಮಸೂರ ಸಾಕು. ಕಿಟಕಿಯ ಎದುರಿನ ಗೋಡೆಯ ಹತ್ತಿರ ಮಸೂರ ಹಿಡಿದು ಹಿಂದೆ-ಮುಂದೆ ಸರಿಸಿದರೆ ಹೊರಗಿನ ಬೇವಿನ ಮರ ಗೋಡೆಯ ಮೇಲೆ ಅಂಗೈಯಗಲ ತಲೆಕೆಳಗಾಗಿ ಬಂದು ನಿಲ್ಲುತ್ತದೆ. ಎಲೆ ಅಲ್ಲಾಡುವುದೂ ಕಾಣುತ್ತದೆ. ಎಂಟನೇ ತರಗತಿಯ ಒಬ್ಬಳು ಅದನ್ನು ನೋಡಿ ಮಸೂರ ಕೆಳಗಿಡಲೇ ಇಲ್ಲ. ಮಧ್ಯಾಹ್ನ ಊಟಕ್ಕೆ ಬೆಲ್ಲು ಹೊಡೆದರೂ ಧ್ವಜದ ಕಂಬ, ನೀರಿನ ಟ್ಯಾಂಕು, ಕೊನೆಗೆ ನನ್ನ ಮುಖವನ್ನೂ ಗೋಡೆಗೆ ಇಳಿಸಿದಳು. ಮಸೂರದಿಂದ ಗೋಡೆಗೆ ಸ್ಕೇಲು ಹಿಡಿ ಎಂದೆ. ಹತ್ತು ಸೆಂಟಿಮೀಟರ್. "ಇದರ ಹೆಸರು ಸಂಗಮ ದೂರ" ಎಂದು ಆಮೇಲೆ ಹೇಳಿದೆ. ಹೆಸರು ಯಾವಾಗಲೂ ಆಮೇಲೆ ಬರಲಿ.

ಲೋಲಕವೂ ಹಾಗೆಯೇ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟರೆ ಒಮ್ಮೆ ಹೋಗಿ ಬರಲು ಹತ್ತಿರ ಹತ್ತಿರ ಎರಡು ಸೆಕೆಂಡು. ಕಲ್ಲು ಎರಡರಷ್ಟು ಭಾರ ಮಾಡಿದರೆ? ಇಡೀ ತರಗತಿ "ಬೇಗ ಬರ್ತೈತಿ" ಎನ್ನುತ್ತದೆ. ಅದೇ ಎರಡು ಸೆಕೆಂಡು. ದಾರವನ್ನು ಕಾಲು ಮೀಟರಿಗೆ ಇಳಿಸಿ, ಒಂದೇ ಸೆಕೆಂಡು. ಇಲ್ಲಿ ಮೊದಲ ಬೆಂಚಿನವರೂ ತಪ್ಪು ಹೇಳುತ್ತಾರೆ, ಕೊನೆಯ ಬೆಂಚಿನವರೂ ತಪ್ಪು ಹೇಳುತ್ತಾರೆ. ಎಲ್ಲರೂ ಒಟ್ಟಿಗೆ ತಪ್ಪುವ ಪ್ರಶ್ನೆಯಿಂದ ಪಾಠ ಶುರುವಾದ ದಿನ ಹಿಂದೆ ಕೂತವರು ಬಾಯಿ ಬಿಡುತ್ತಾರೆ.

ಮಗುವಿನ ಮನೆಯಿಂದ ಉದಾಹರಣೆ ತೆಗೆದುಕೊಳ್ಳಿ

ಪಠ್ಯದಲ್ಲಿ ಕಾರು, ಕ್ರಿಕೆಟ್ ಚೆಂಡು, ಬಂದೂಕು ಬರುತ್ತವೆ. ಇರಲಿ. ಅವುಗಳ ಜೊತೆಗೆ ಬಾವಿಯ ಗಡಗಡೆ, ಬೀಸುವ ಕಲ್ಲು, ಕುಕ್ಕರಿನ ಸೀಟಿ, ಮಡಕೆಯ ತಣ್ಣೀರು, ಕುಡುಗೋಲಿನ ಅಲಗು ಇವೂ ಬರಲಿ. ನಮ್ಮ ಭಾಗದಲ್ಲಂತೂ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಇದೆ, ಗದಗಿನ ಕಡೆ ಹೊರಟರೆ ಗಾಳಿಯ ಫ್ಯಾನುಗಳ ಸಾಲು ಇದೆ. ವಿದ್ಯುತ್ಕಾಂತೀಯ ಪ್ರೇರಣೆಗೆ ಇದಕ್ಕಿಂತ ಬೇರೆ ಚಿತ್ರ ಬೇಡ. ಒಂದು ಕಡೆ ನೀರು ತಿರುಗಿಸುತ್ತದೆ, ಇನ್ನೊಂದು ಕಡೆ ಗಾಳಿ. ಒಳಗೆ ನಡೆಯುವುದು ಒಂದೇ: ಕಾಂತಕ್ಷೇತ್ರ, ತಂತಿಯ ಸುರುಳಿ ಇವೆರಡರಲ್ಲಿ ಒಂದರ ಎದುರು ಇನ್ನೊಂದು ತಿರುಗುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ.

ಆದರೆ ಮನೆಯ ಉದಾಹರಣೆ ತಂದಾಗ ಎಚ್ಚರವೂ ಬೇಕು. ಒಂಬತ್ತನೇ ತರಗತಿಯಲ್ಲಿ "ಕೆಲಸ ಮತ್ತು ಶಕ್ತಿ" ಪಾಠ. ಭಾರ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ನಡೆದರೆ ಗುರುತ್ವದ ವಿರುದ್ಧ ಆದ ಕೆಲಸ ಸೊನ್ನೆ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ನಮ್ಮಪ್ಪ ಗಂಜಿನ್ಯಾಗ ಚೀಲ ಹೊರ್ತಾನ್ರಿ ಅಕ್ಕೋರ. ಹಂಗಾರ ಅಂವ ಕೆಲಸಾನ ಮಾಡಂಗಿಲ್ಲೇನ್ರಿ?"

ಯಾರೋ ನಕ್ಕರು. ಅವನು ನಗಿಸಲು ಕೇಳಿರಲಿಲ್ಲ. ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಚೀಲ ಹೊರುವ ಅವನ ಅಪ್ಪನ ಲೆಕ್ಕ ಮಾಡಿದೆವು. ಐವತ್ತು ಕಿಲೋ ಚೀಲ, ನೆಲದಿಂದ ಹೆಗಲಿಗೆ ಒಂದೂವರೆ ಮೀಟರ್. 50 × 9.8 × 1.5, ಅಂದರೆ 735 ಜೂಲ್. ದಿನಕ್ಕೆ ನೂರು ಚೀಲ ಎತ್ತಿದರೆ 73,500 ಜೂಲ್. ನಡೆಯುವಾಗ ಅವನ ಅಪ್ಪ ಚೀಲದ ಮೇಲೆ ಹಾಕುವ ಬಲ ಮೇಲ್ಮುಖ, ಚೀಲ ಸರಿಯುವುದು ಅಡ್ಡಕ್ಕೆ, ಹಾಗಾಗಿ ಆ ಬಲದಿಂದ ಚೀಲದ ಮೇಲೆ ಆದ ಕೆಲಸ ಸೊನ್ನೆ. ಬೆವರು ಎಲ್ಲಿಂದ ಬಂತು ಹಾಗಾದರೆ? ಭಾರ ಹಿಡಿದಿರುವಷ್ಟು ಹೊತ್ತೂ ಸ್ನಾಯುವಿನ ಎಳೆಗಳು ಬಿಗಿದು ಸಡಿಲಾಗಿ, ಮತ್ತೆ ಬಿಗಿಯುತ್ತಲೇ ಇರುತ್ತವೆ. ಉಂಡ ರೊಟ್ಟಿಯ ಶಕ್ತಿ ಅಲ್ಲಿ ಖರ್ಚಾಗಿ ಶಾಖವಾಗುತ್ತದೆ. ಪುಸ್ತಕದ "ಕೆಲಸ" ಚೀಲದ ಲೆಕ್ಕ, ಅಪ್ಪನ ದುಡಿಮೆಯ ಲೆಕ್ಕ ಅಲ್ಲ. ದಿನಬಳಕೆಯ ಮಾತನ್ನೇ ಭೌತಶಾಸ್ತ್ರ ಬೇರೆ ಅರ್ಥಕ್ಕೆ ಎರವಲು ತಂದಿದೆ ಎಂದು ಅವತ್ತು ಹೇಳಿದೆ. ಅದನ್ನು ಮೊದಲೇ ಹೇಳಿರಬೇಕಿತ್ತು. ಹೇಳದಿದ್ದರೆ ಕೂಲಿಯವರ ಮಗನಿಗೆ ಈ ವಿಷಯ ತನ್ನ ಮನೆಯನ್ನು ಅವಮಾನಿಸಿದಂತೆ ಕೇಳುತ್ತದೆ, ಅವನು ಪುಸ್ತಕ ಮುಚ್ಚುತ್ತಾನೆ.

ಗೋಡೆಗೆ ಫೋಟೊ ಹಾಕುವ ಬದಲು ಕಥೆ ಹೇಳಿ

ವಿಜ್ಞಾನಿಗಳ ಪಟ ಎಲ್ಲ ಶಾಲೆಯಲ್ಲೂ ಇದೆ. ಮಕ್ಕಳು ಅದರ ಕೆಳಗೇ ಕೂತು ಊಟ ಮಾಡುತ್ತಾರೆ, ತಲೆಯೆತ್ತಿ ನೋಡುವುದಿಲ್ಲ. ಇವರು ಎಲ್ಲಿ ಎಡವಿದರು, ಯಾರು ಅಡ್ಡ ಬಂದರು ಎಂದು ಹೇಳಿದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ.

ಮೇಘನಾದ ಸಹಾ 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಹೆಚ್ಚಿನ ಓದಿಗೆ ಬೇರೆ ಊರಿನ ವೈದ್ಯರೊಬ್ಬರ ಮನೆಯಲ್ಲಿದ್ದು ಪಾತ್ರೆ ತೊಳೆದು, ದನ ನೋಡಿಕೊಂಡು ಶಾಲೆಗೆ ಹೋದರು. ಕಲ್ಕತ್ತೆಯ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಅವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. 1920ರಲ್ಲಿ ಅವರು ಕೊಟ್ಟ ಅಯಾನೀಕರಣ ಸಮೀಕರಣದಿಂದಲೇ ನಕ್ಷತ್ರಗಳ ಬೆಳಕನ್ನು ನೋಡಿ ಅವುಗಳ ಉಷ್ಣತೆ ತಿಳಿಯುವ ದಾರಿ ಸಿಕ್ಕಿತು. ಊಟದ ಸಾಲಿನಲ್ಲಿ ಬೇರೆ ಕೂರುವುದು ಎಂದರೇನು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಎಚ್. ನರಸಿಂಹಯ್ಯನವರು ನಮ್ಮವರೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಭೌತಶಾಸ್ತ್ರ ಓದಿ, ಅದನ್ನೇ ಕಲಿಸಿ, ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಅನ್ನಾ ಮಣಿಯವರ ಕಥೆಯನ್ನು ಹುಡುಗಿಯರಿಗೆ ತಪ್ಪದೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ರೋಹಿತ (ಬೆಳಕಿನ ಬಣ್ಣಪಟ್ಟಿ) ಅಧ್ಯಯನ ಮಾಡಿ ಪ್ರಬಂಧ ಬರೆದು ಒಪ್ಪಿಸಿದರು. ಎಂಎಸ್ಸಿ ಆಗಿಲ್ಲ ಎಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆಮೇಲೆ ಅವರು ಹವಾಮಾನ ಉಪಕರಣಗಳತ್ತ ತಿರುಗಿದರು, ದೇಶಕ್ಕೆ ಬೇಕಾದ ಆ ಉಪಕರಣಗಳು ಇಲ್ಲೇ ತಯಾರಾಗುವಂತೆ ಮಾಡಿದರು.

ಇನ್ನೊಂದು ಕೋಲಾರದ್ದು. 1965ರಲ್ಲಿ ಕೆಜಿಎಫ್ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಲು ಸಿಕ್ಕ ಗುರುತುಗಳಲ್ಲಿ ಅದೂ ಒಂದು. ಆ ಗಣಿಗೆ ಇಳಿದು ತಲೆಮಾರುಗಟ್ಟಲೆ ದುಡಿದವರಲ್ಲಿ ಬಹುಪಾಲು ದಲಿತ ಕುಟುಂಬಗಳವರು. ಅವರು ಕೊರೆದ ಸುರಂಗದಲ್ಲೇ ಆ ಭೌತಶಾಸ್ತ್ರ ನಡೆಯಿತು. ಕೆಜಿಎಫ್ ಪ್ರಯೋಗಗಳಲ್ಲಿ ಪಾಲುಗೊಂಡವರಲ್ಲಿ ಬಿಭಾ ಚೌಧುರಿ ಎಂಬ ಮಹಿಳೆಯೂ ಇದ್ದರು. 2019ರಲ್ಲಿ ಒಂದು ನಕ್ಷತ್ರಕ್ಕೆ ಬಿಭಾ ಎಂದು ಹೆಸರಿಡಲಾಯಿತು.

ಮನೆಗೆ ಸಂಜೆ ಹೋಗಿ

ಪಾಲಕರ ಸಭೆಗೆ ಕರೆದರೆ ಕೂಲಿ ತಪ್ಪುತ್ತದೆ, ಬರುವುದಿಲ್ಲ. ಬರಲಿಲ್ಲವೆಂದರೆ ಕಾಳಜಿ ಇಲ್ಲವೆಂದಲ್ಲ. ಹತ್ತನೇ ತರಗತಿಯ ಜನವರಿಯಲ್ಲೇ, ಹೊಲದಿಂದ ಬಂದು ಕೈಕಾಲು ತೊಳೆದ ಹೊತ್ತಿಗೆ ಹೋಗಿ. ತಾಯಿಯ ಜೊತೆ ಮಾತಾಡದೆ ಬರಬೇಡಿ.

"ಓದಸ್ತೀನ್ರಿ ಅಕ್ಕೋರ. ಆದ್ರ ಇದನ್ನ ಓದಿದ್ರ ಮುಂದ ಏನ್ ಅಕ್ಕಾಳ್ರಿ?" ಈ ಪ್ರಶ್ನೆ ಬಂದೇ ಬರುತ್ತದೆ. "ವಿಜ್ಞಾನಿ" ಎಂದು ಉತ್ತರ ಕೊಟ್ಟರೆ ಆ ತಾಯಿಗೆ ಏನೂ ಹೇಳಿದಂತಾಗಲಿಲ್ಲ. ಬಿಎಸ್ಸಿ, ಬಿಎಡ್ ಮಾಡಿದರೆ ನನ್ನ ಹಾಗೆ ಹೈಸ್ಕೂಲ್ ಶಿಕ್ಷಕಿಯಾಗಬಹುದು. ಬಿಎಡ್ ಜೊತೆ ಎಂಎಸ್ಸಿಯನ್ನೂ ಮಾಡಿದರೆ ಪಿಯು ಉಪನ್ಯಾಸಕಿ, ಎಂಎಸ್ಸಿಯ ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾದರೆ ಡಿಗ್ರಿ ಕಾಲೇಜು. ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಅದರ ಪ್ರಮಾಣ ಲೆಕ್ಕ ಹಾಕುವವರು ಎಂಎಸ್ಸಿ ಫಿಸಿಕ್ಸ್ ಆದಮೇಲೆ ವಿಕಿರಣ ಭೌತಶಾಸ್ತ್ರದ ತರಬೇತಿ ಪಡೆದವರು. ಕೈಗಾದಂಥ ಅಣುವಿದ್ಯುತ್ ಕೇಂದ್ರಗಳಿಗೂ ವಿಜ್ಞಾನ ಪದವೀಧರರನ್ನು ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತಾರೆ. ಹವಾಮಾನ ಇಲಾಖೆ ಇದೆ, ಇಸ್ರೋ ಇದೆ. ಎಷ್ಟು ವರ್ಷ ಓದಬೇಕು, ಮೊದಲ ಸಂಬಳ ಬರುವ ತನಕ ಮನೆ ಹೇಗೆ ನಡೆಯಬೇಕು ಎನ್ನುವುದನ್ನೂ ಮುಚ್ಚಿಡದೆ ಹೇಳಿ. ಒಮ್ಮೆ ಸುಳ್ಳು ಭರವಸೆ ಕೊಟ್ಟರೆ ಆ ಓಣಿಯ ಬಾಗಿಲು ಹತ್ತು ವರ್ಷ ನಿಮಗೆ ಮುಚ್ಚುತ್ತದೆ.

ಹುಡುಗಿಯ ಮನೆಯಲ್ಲಿ ನಿಜವಾದ ಅಡ್ಡಿ ಬಹಳ ಸಲ ಸಂಜೆಯ ಬಸ್ಸು. ವಿಜ್ಞಾನ ವಿಭಾಗಕ್ಕೆ ಪ್ರ್ಯಾಕ್ಟಿಕಲ್ ಇರುತ್ತದೆ, ಬಿಡುವುದು ತಡ. ಕಲಾ ವಿಭಾಗವಾದರೆ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿದೆ, ಬಸ್ಸಿನ ಹೊತ್ತಿನ ಚಿಂತೆ ತಪ್ಪಿಲ್ಲ. ಹಾಗಾಗಿ ಹೋಗುವ ಮೊದಲೇ ಆ ಕಾಲೇಜಿನಿಂದ ಕೊನೆಯ ಬಸ್ಸು ಎಷ್ಟಕ್ಕೆ, ಅದೇ ಊರಿನ ಇನ್ಯಾರು ಹೋಗುತ್ತಾರೆ, ಹಾಸ್ಟೆಲಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಸಾಧ್ಯವಿದ್ದಷ್ಟೂ ಒಬ್ಬಳನ್ನೇ ಕಳಿಸಬೇಡಿ. ಇಬ್ಬರು ಮೂವರನ್ನು ಒಂದೇ ಕಾಲೇಜಿಗೆ ಸೇರಿಸಿ.

ಅಂಗವಿಕಲ ಮಕ್ಕಳ ಮನೆಯಲ್ಲಿ ಇನ್ನೊಂದು ಮಾತು ಕೇಳುತ್ತದೆ: "ಅವನಿಗೆ ಪ್ರಯೋಗ ಆಗೋದಿಲ್ಲ, ಸುಲಭದ್ದು ಕೊಡಿಸಿ." ಕಣ್ಣು ಕಾಣದ ಮಗು ಲೋಲಕವನ್ನು ಬೆರಳಿಗೆ ತಾಗಿಸಿ ಎಣಿಸಬಲ್ಲದು, ತಂತಿಯ ಕಂಪನವನ್ನು ಕಿವಿಯಿಂದ ಅಳೆಯಬಲ್ಲದು. ಏನು ಆಗುತ್ತದೆ ಎಂದು ಮೊದಲು ಮಗುವನ್ನೇ ಕೇಳಿ.

ಏಪ್ರಿಲ್-ಮೇ ತಿಂಗಳ ಓಡಾಟ

ಮಗು ಮನಸ್ಸು ಮಾಡಿತು, ಮನೆಯವರು ಒಪ್ಪಿದರು, ಆದರೆ ಜಾತಿ-ಆದಾಯ ಪ್ರಮಾಣಪತ್ರ ಬರಲಿಲ್ಲ. ಹೀಗೆ ತಪ್ಪಿಹೋದವರು ನನ್ನ ಹಾಳೆಯಲ್ಲಿ ಇದ್ದಾರೆ. ಪರೀಕ್ಷೆ ಮುಗಿದ ವಾರವೇ ನಾಡಕಚೇರಿಗೆ ಕಳಿಸಿ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಮೀಸಲಾತಿ ಪಡೆಯಲು 371ಜೆ ಅರ್ಹತಾ ಪ್ರಮಾಣಪತ್ರವೂ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಆಧಾರಿನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದಕ್ಷರ ತಪ್ಪಿದ್ದಕ್ಕೆ ವರ್ಷದ ವಿದ್ಯಾರ್ಥಿವೇತನ ನಿಂತದ್ದನ್ನು ಕಂಡಿದ್ದೇನೆ. ಎಸ್‌ಎಸ್‌ಪಿ ಎಂಬ ಸರ್ಕಾರದ ಜಾಲತಾಣದಲ್ಲಿ ಹಾಕುವ ವಿದ್ಯಾರ್ಥಿವೇತನದ ಅರ್ಜಿ ಬೇರೆ, ಮೆಟ್ರಿಕ್ ನಂತರದ ಹಾಸ್ಟೆಲಿನ ಅರ್ಜಿ ಬೇರೆ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಎಂಬ ಊಟ-ವಸತಿಯ ಸಹಾಯ ಯೋಜನೆ ಇದೆ.

ಇವೆಲ್ಲಕ್ಕೂ ಮೊದಲು, ಎಂಟನೇ ತರಗತಿಯಲ್ಲೇ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಪಿಯುಸಿ ಪುಸ್ತಕ, ಹಾಸ್ಟೆಲ್ ಖರ್ಚು ಅದರಲ್ಲೇ ಹೋಗುತ್ತದೆ. ಒಂಬತ್ತನೇ ತರಗತಿಯವರಿಗೆ ಇಸ್ರೋದ ಯುವಿಕಾ ಎಂಬ ಬಾಹ್ಯಾಕಾಶ ವಿಜ್ಞಾನ ತರಬೇತಿ ಇದೆ, ಅದರ ಆಯ್ಕೆಯಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕ ಸಿಗುತ್ತದೆ.

ಸಂಯೋಜನೆ ಆರಿಸುವಾಗ ಜೀವಶಾಸ್ತ್ರ ಇರುವ ಪಿಸಿಎಂಬಿ ಆಗಲಿ ಕಂಪ್ಯೂಟರ್ ಇರುವ ಪಿಸಿಎಂಸಿ ಆಗಲಿ, ಗಣಿತ ಕೈಬಿಡಬಾರದು. ಗಣಿತ ಇಲ್ಲದೆ ಮುಂದೆ ಭೌತಶಾಸ್ತ್ರದ ದಾರಿ ಮುಚ್ಚುತ್ತದೆ. ಒಂದು ವಿಷಯ ಹೋಯಿತೆಂದು ಯಾರಾದರೂ ಅಳುತ್ತ ಬಂದರೆ, ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇರುವುದನ್ನು ನೆನಪಿಸಿ ಅವತ್ತೇ ಪುಸ್ತಕ ತೆರೆಸಿ.

ಎರಡು ಕಾಲಂ ನೋಟುಬುಕ್ಕು

ಬೇಸಿಗೆ ರಜೆಯಲ್ಲಿ ಮಾಡಿಸಬೇಕಾದ ಒಂದೇ ಕೆಲಸ ಇದು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಕೆಳಗೆ ಒಂದು ಉದಾಹರಣೆ. ಜವ ಅಂದರೆ ಸ್ಪೀಡ್, ವೇಗ ಅಂದರೆ ವೆಲಾಸಿಟಿ. ಮನೆಮಾತಿನಲ್ಲಿ ಎರಡಕ್ಕೂ "ವೇಗ" ಎಂದೇ ಹೇಳುವುದರಿಂದ ಇಲ್ಲೇ ಮೊದಲ ಗೊಂದಲ. ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್, ಸಂವೇಗ ಅಂದರೆ ಮೊಮೆಂಟಮ್, ಸದಿಶ ಅಂದರೆ ವೆಕ್ಟರ್, ರೋಧ ಅಂದರೆ ರೆಸಿಸ್ಟೆನ್ಸ್, ವಕ್ರೀಭವನ ಅಂದರೆ ರಿಫ್ರಾಕ್ಷನ್. ಮಗುವಿಗೆ ವಿಷಯ ಗೊತ್ತಿದೆ, ಹೆಸರು ಗೊತ್ತಿಲ್ಲ. ಒಂಬತ್ತು, ಹತ್ತರ ಪುಸ್ತಕದಿಂದ ದಿನಕ್ಕೆ ಐದು ಪದ ಬರೆದರೂ ಜೂನ್ ಹೊತ್ತಿಗೆ ಇನ್ನೂರಾಗುತ್ತವೆ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಪದ ಬಾಯಲ್ಲಿ ತಿರುಗದ ಮಗು ತರಗತಿಯಲ್ಲಿ ಪ್ರಶ್ನೆ ಕೇಳುವುದಿಲ್ಲ.

ಪಿಯುಸಿಯ ಮೊದಲ ಮೂರು ತಿಂಗಳು

ನಾನು ಪಿಯುಸಿ ಸೇರಿದ ಮೊದಲ ವಾರ ಉಪನ್ಯಾಸಕರೊಬ್ಬರು ಕನ್ನಡ ಮಾಧ್ಯಮದವರು ಕೈ ಎತ್ತಿ ಎಂದರು. ಎತ್ತಿದೆವು. "ನಿಮಗೆ ಇದು ಆಗೋದಿಲ್ಲ, ಇನ್ನೂ ಟೈಮಿದೆ, ಆರ್ಟ್ಸ್‌ಗೆ ಬದಲಾಯಿಸಿಕೊಳ್ಳಿ" ಎಂದರು. ಹದಿನೈದು ದಿನದೊಳಗೆ ನಮ್ಮ ಸಾಲು ಅರ್ಧ ಖಾಲಿಯಾಯಿತು. ನಾನು ಉಳಿದದ್ದು ಧೈರ್ಯದಿಂದಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ಉಳಿದಳು, ಅವಳನ್ನು ನೋಡಿ ನಾನೂ ಉಳಿದೆ. ಒಬ್ಬಳನ್ನೇ ಕಳಿಸಬೇಡಿ ಎಂದು ಮೇಲೆ ಬರೆದದ್ದು ಇದಕ್ಕೇ.

ಮಕ್ಕಳಿಗೆ ಮೊದಲೇ ಹೇಳಿ ಕಳಿಸಿ: ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ತೆಗೆದವಳಿಗೆ ಮೂವತ್ತು ಬರಬಹುದು. ಬುದ್ಧಿ ಮಂದವಾಯಿತೆಂದು ಅದರ ಅರ್ಥವಲ್ಲ, ಒಂದೇ ಸಲಕ್ಕೆ ಭಾಷೆಯೂ ಬದಲಾಯಿತು, ಗಣಿತವೂ ಎತ್ತರಕ್ಕೆ ಹೋಯಿತು. ಮೊದಲೇ ಕೇಳಿದ್ದವಳು ಅಷ್ಟಕ್ಕೆ ಕುಸಿಯುವುದಿಲ್ಲ.

ಪಿಯು ಉಪನ್ಯಾಸಕರಿಗೆ ನನ್ನ ಕೋರಿಕೆ: ಜೂನ್-ಜುಲೈನಲ್ಲಿ ವಾರಕ್ಕೆ ಎರಡು ಗಂಟೆ ಕೊಡಿ. ಸೈನ್, ಕಾಸ್ ಅಂದರೆ ತ್ರಿಭುಜದಲ್ಲಿ ಏನು, ಗ್ರಾಫಿನ ಇಳಿಜಾರು ಏನು ಹೇಳುತ್ತದೆ, ಹತ್ತರ ಘಾತಗಳನ್ನು ಹೇಗೆ ಗುಣಿಸಬೇಕು, ಲಾಗ್ ಟೇಬಲ್ ನೋಡುವುದು ಹೇಗೆ. ಈ ನಾಲ್ಕು ಗಟ್ಟಿಯಾದರೆ ಚಲನೆಯ ಅಧ್ಯಾಯಗಳಲ್ಲಿ ಯಾರೂ ಮುಳುಗುವುದಿಲ್ಲ. ಇಳಿಜಾರು ಅರ್ಥವಾದವಳಿಗೆ ಡಿರೈವೇಟಿವ್ ಹೇಳಿಕೊಡಲು ಅರ್ಧ ಗಂಟೆ ಸಾಕು. ವಿವರಣೆ ಕನ್ನಡದಲ್ಲಿ ಇರಲಿ, ಪದ ಇಂಗ್ಲಿಷಿನಲ್ಲಿ ಇರಲಿ.

ಹೈಸ್ಕೂಲಿನವರ ಕೆಲಸವೂ ಟಿಸಿ ಕೊಟ್ಟ ದಿನಕ್ಕೆ ಮುಗಿಯಲಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್, ತಿಂಗಳಿಗೊಂದು ಫೋನು ಮಾಡಿ. "ಹೆಂಗ್ ಓದಾಕತ್ತಿ?" ಎಂದು ಕೇಳಿದರೆ "ಚಲೋ ಐತ್ರಿ" ಎನ್ನುತ್ತಾರೆ, ಏನೂ ತಿಳಿಯುವುದಿಲ್ಲ. "ಈ ವಾರ ಯಾವ ಲೆಕ್ಕ ಬಿಡಿಸಾಕ ಬರಲಿಲ್ಲ?" ಎಂದು ಕೇಳಿ.

ಪಿಯುಸಿ ಆದಮೇಲೆ

ನೀಟ್ ಮತ್ತು ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು, ಅದು ಹೆಚ್ಚು ಜನರಿಗೆ ಗೊತ್ತು. ಗೊತ್ತಿಲ್ಲದ್ದು ಐಸರ್. ಶುದ್ಧ ವಿಜ್ಞಾನ ಓದಲೆಂದೇ ಕೇಂದ್ರ ಸರ್ಕಾರ ನಡೆಸುವ ಸಂಸ್ಥೆಗಳು, ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಕಡೆ ಇವೆ. ಅವಕ್ಕೆ ಐಎಟಿ ಎಂಬ ಪ್ರವೇಶ ಪರೀಕ್ಷೆ. ಭುವನೇಶ್ವರದಲ್ಲಿರುವ ಅಂಥದೇ ಸಂಸ್ಥೆ ನೈಸರ್‌ಗೆ ನೆಸ್ಟ್ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಾಲ್ಕು ವರ್ಷದ ಬಿಎಸ್ ಪದವಿ ಇದೆ. ಮೀಸಲಾತಿ ಇವೆಲ್ಲದರಲ್ಲೂ ಇದೆ, ಅರ್ಜಿ ಹಾಕುವವರು ಬೇಕು. ಬೋರ್ಡ್ ಪರೀಕ್ಷೆಯಲ್ಲಿ ಅತಿ ಮೇಲಿನ ಸಾಲಿನಲ್ಲಿ ಅಂಕ ತೆಗೆದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿವರೆಗೆ. ಆಯಾ ವರ್ಷದ ಅಧಿಸೂಚನೆ ನೋಡಿ ಅರ್ಜಿ ಹಾಕಿಸಿ.

ತಾಲ್ಲೂಕಿನ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದವರೂ ಹಿಂದೆ ಉಳಿದವರಲ್ಲ. ವಿಜ್ಞಾನ ಅಕಾಡೆಮಿಗಳು ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಜೊತೆ ಕೆಲಸ ಮಾಡುವ ಫೆಲೋಶಿಪ್ ಕೊಡುತ್ತವೆ. ಬೆಂಗಳೂರಿನಲ್ಲಿ ಓದುವವರಿಗೆ ಜವಾಹರಲಾಲ್ ನೆಹರೂ ತಾರಾಲಯದ ರೀಪ್ ಎಂಬ ಹೆಚ್ಚುವರಿ ಭೌತಶಾಸ್ತ್ರ ತರಗತಿಗಳು ಇವೆ. ಈ ಅರ್ಜಿಗಳಲ್ಲಿ "ನಿಮಗೆ ಯಾಕೆ ಆಸಕ್ತಿ" ಎಂದು ಇಂಗ್ಲಿಷಿನಲ್ಲಿ ಬರೆಯಲು ಕೇಳುತ್ತಾರೆ. ನಮ್ಮ ಮಕ್ಕಳು ಅಲ್ಲೇ ಪೆನ್ನು ಕೆಳಗಿಡುತ್ತಾರೆ. ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಕೂತು ಇಂಗ್ಲಿಷಿಗೆ ತನ್ನಿ.

ಹೀಗೆ ದಾಟಿ ಹೋದ ಒಬ್ಬರಾದರೂ ನಿಮ್ಮ ಹಾಳೆಯಲ್ಲಿ ಸೇರಿದ ಮೇಲೆ, ದೀಪಾವಳಿ ರಜೆಗೆ ಊರಿಗೆ ಬಂದಾಗ ಶಾಲೆಗೆ ಕರೆಯಿರಿ. ವೇದಿಕೆ, ಹಾರ, ಸ್ವಾಗತ ಗೀತೆ ಬೇಡ. ಪಕ್ಕದ ಓಣಿಯ ಅಕ್ಕ ಬಿಎಸ್ಸಿ ಫಿಸಿಕ್ಸ್ ಓದುತ್ತಾಳೆ ಎನ್ನುವುದು ಎಂಟನೇ ತರಗತಿಯ ಹುಡುಗಿಗೆ ಬೆಂಗಳೂರಿನ ವಿಜ್ಞಾನಿಗಿಂತ ಹತ್ತಿರ. ಹೋದ ವರ್ಷ ಬಂದವಳ ಕೈಗೆ ನಾನು ಮಸೂರದ ಡಬ್ಬಿ ಕೊಟ್ಟೆ. ಅವಳು ಕಿಟಕಿ ತೆರೆದು, ಮಕ್ಕಳನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದಳು. ಬೇವಿನ ಮರವನ್ನು ತಾನು ಇಳಿಸಲಿಲ್ಲ. ಬೆಂಚಿನ ತುದಿಯಲ್ಲಿದ್ದವಳನ್ನು ಕರೆದು ಮಸೂರ ಅವಳ ಕೈಗೆ ಕೊಟ್ಟಳು.